ಕೆಳಗಿನ ಮನಿಯ ನಿದ್ದಿ

ಹುಬ್ಬಳ್ಳಿ ಯಾರ್ಡಿನ್ಯಾಗ ರಾತ್ರಿಯಿಡೀ
ಡಬ್ಬಿಗೆ ಡಬ್ಬಿ ಢಿಕ್ಕಿ ಹೊಡೀತಾವ,
ಕ್ವಾರ್ಟರ್ಸಿನ ಒಂದು ಕೂಸೂ ಮಗ್ಗಲಾ ಬದಲಸೂದಿಲ್ಲ.
ನನ್ನ ಸೈಕಲ್ಲು ನಿಂತಲ್ಲೇ ತಿರಗಿದ್ರ ಮಾತ್ರ
ಕೆಳಗಿಂದ ಛತ್ತಿಗೆ ಕಸಬರಿಗಿ ಹಿಡಿಕಿ,
ಟಕ್ ಟಕ್.

ಉಣಕಲ್ ದಾಟಿ ಅಗೆದಿಟ್ಟ ರಸ್ತೆದಾಗ ಬಿದ್ದು
ಹೆಗಲ ಎಲುಬು ಕೂಡಿಸ್ಕೊಂಡು ಬಂದಾಕಿ ನಾನು.
ಹೊರಗ ಬ್ಯಾಡ, ಮೂರು ತಿಂಗಳು, ಅಂದ್ರು ಡಾಕ್ಟರು.
ಕಾಲು ಕೇಳಬೇಕಲ್ಲ?
ಗದಗಿನ ಗೆಳತಿ ಕೊಟ್ಟ ಪಂಖಾದ ಟ್ರೇನರು ತಂದೆ,
ಗಾಲಿ ಉಜ್ಜಿ ಗಾಳಿ ಕಡಿಯೂ ಅಂಥಾದ್ದು.
ಜೋರು ತುಳದಷ್ಟೂ ಗಿರಣಿ.
ಜೋಳ ಹಾಕಿದ್ದರ ಹಿಟ್ಟಾದರೂ ಬರತಿತ್ತು.

ನಾಕನೇ ದಿನ ಮ್ಯಾಲೇರಿ ಬಂದ ನೀಲಪ್ಪ ಬಾರಕೇರ,
ಲುಂಗಿ, ಕೆಂಪು ಕಣ್ಣು, ಕಸಬರಿಗಿ ಕೈಯಾಗಿಲ್ಲ.
‘ತಂಗೀ, ಸಿಟ್ಟಿಲ್ಲ ನಿನ್ನ ಮ್ಯಾಲೆ.
ಇವತ್ತ ರಾತ್ರಿ ಉಕ್ಕಿನ ಗಾಡಿ
ಕ್ಯಾಸಲ್‌ರಾಕ್ ಘಾಟ ಇಳಸಬೇಕು.
ನನಗ ಹಗಲಿನ್ಯಾಗ ಐದು ತಾಸು ಕೊಡು.’
ಕೊಡು ಅಂದ, ಸಾಲ ಕೇಳಿದಂಗ.
ಟಿಕೀಟಿನ ಕಿಡಕಿಯೊಳಗ ಕುಂತು
ದಿನಾ ಎಷ್ಟು ಮಂದಿಗೆ ಊರು ಹರದು ಕೊಡತೀನಿ ನಾನು,
ಅವರೆಲ್ಲ ಯಾರ್ದೋ ಹಗಲು ನಿದ್ದಿ ಮ್ಯಾಲೆ ಹೊಂಟಾರು
ಅಂತ ಆವತ್ತೇ ಹೊಳದದ್ದು.

ಐತವಾರ ಸ್ಟೇಷನ್ ರೋಡಿಗೆ ಹೋದೆ, ದಾವಲಸಾಬನ ಅಂಗಡಿಗೆ.
ಅವನೂ ಬಂದ. ಕರದಿದ್ದಿಲ್ಲ.
ಮೊದಲಿಂದು ಅಯಸ್ಕಾಂತದ್ದು. ಸೋವಿ.
ಹತ್ತು ನಿಮಿಷ ಸೊಗಸಾಗಿ ಏರು ಏರಿದೆ;
ಹದಿನೈದಕ್ಕ ಅದ ಏರು ಸಪಾಟಾಗಿತ್ತು,
ನಾನು ಗೇರು ಮುಟ್ಟಿಲ್ಲ.
ಮನಷ್ಯಾರ ಮಾತೂ ಹಿಂಗ ಅಂತ ಹೇಳೂದಿತ್ತು,
ಉಸರಿದ್ದಿಲ್ಲ.
ನೀಲಪ್ಪ ಬಗ್ಗಿ ಅದರ ಮ್ಯಾಲೆ ಅಂಗೈ ಇಟ್ಟ,
ಜ್ವರ ನೋಡಾವರಂಗ.
‘ಬಿಸಿ ಆದ ಮ್ಯಾಲೆ ಸಡಲತೈತಿ. ಇದು ಬ್ಯಾಡ.
ಕಾದ ಬ್ರೇಕು ಹಿಡಿಯೂದ ಬಿಟ್ಟ ರಾತ್ರಿ ಒಂದು ನೋಡೇನಿ.’
ದಾವಲಸಾಬ ಮುಂದ ಕೇಳಿದ, ಯಾವಾಗ, ಎಲ್ಲಿ.
ನೀಲಪ್ಪ ಕ್ಯಾಶ್ ಡಬ್ಬಿ ಮ್ಯಾಲಿನ ಊದಿನಕಡ್ಡಿ ನೋಡಕೋಂತ ನಿಂತ.

ಎರಡನೇದ್ದು ಎಣ್ಣಿ ತುಂಬಿದ್ದು: ಹಿಡತ ಚಲೋ,
ಟಾಯರು ಮಾತ್ರ ಜೇನಹುಳದಂಗ ಗುಂಯ್ಯ.
ನೀಲಪ್ಪ ಕಣ್ಣು ಮುಚ್ಚಿ, ಕಿವಿ ವಾರಿ ಮಾಡಿ,
‘ಇದರಾಗ ಎರಡು ತಾಸು ಮಲಗಬಹುದು.
ಐದು ಆಗೂದಿಲ್ಲ.’
ಆಗ ಒಳಗಿಂದ ಹೊರಗ ಬಂತು,
ಹಿಂದಿನ ಗಾಲೀನ ಬಿಚ್ಚಿಡೂ ಜಾತಿದ್ದು,
ಸರಪಳಿ ಸೀದಾ ಅದರ ಹಲ್ಲಿಗೆ,
ಹೊಟ್ಟ್ಯಾಗ ಪಟ್ಟಾ, ಬೀಸುಕಲ್ಲಿನಷ್ಟು ಭಾರದ ಚಕ್ರ.
ನಲವತ್ತು ನಿಮಿಷ ತುಳದೆ. ಅದು ತನ್ನ ಮಾತಿಗೆ ನಿಂತಿತ್ತು,
ಕೂದಲೆಳಿಯಷ್ಟೂ ಸಡಲಲಿಲ್ಲ.
ದಾವಲಸಾಬ ತುಟಿಯೊಳಗ ಬೆಲಿ ಹೇಳಿದ.
ಎರಡು ವರ್ಷದ ಬೋನಸ್ಸು, ಮ್ಯಾಲೆ ಆರು ಕಂತು.
‘ತಗೋ,’ ಅಂದ ನೀಲಪ್ಪ,
ರೊಕ್ಕ ತಂದಂಗ.

ಅಡಿಗೆ ನವಲಗುಂದ ಜಮಖಾನ ನಾಕು ಮಡಚಿ ಹಾಸೇನಿ,
ಅವ್ವ ನೋಡಿದರ ಬೈತಾಳ.
ಈಗ ಮಧ್ಯಾಹ್ನ ಮೂರಕ್ಕ ತುಳೀತೀನಿ,
ಸರಪಳಿ ಉಸಿರು, ನನ್ನ ಉಸಿರು, ಇಷ್ಟ.
ಇಷ್ಟ ಅಂದ್ಕೊಂಡಿದ್ದೆ.
ಸಪ್ಪಳ ಹೋದ ಜಾಗಾಕ್ಕ
ಫರಸಿ ಕೆಳಗಿಂದ ಏರಿ ಬಂತು ಗೊರಕಿ,
ಒಮ್ಮೆ ಬೋಗದಾ ಹೊಕ್ಕಂಗ, ಒಮ್ಮೆ ಸಿಗ್ನಲ್ಲಿಗೆ ನಿಂತಂಗ,
ಒಂದು ಹದ ಇಲ್ಲ, ಒಂದು ತಾಳ ಇಲ್ಲ.
ಛತ್ತಿಗೆ ಬಡಿಯಾಕ ನನ್ನ ಹಂತ್ಯಾಕ ಛತ್ತೂ ಇಲ್ಲ, ನೆಲಾ ಐತಿ.
ಕಸಬರಿಗಿ ಬಾಗಲ ಮೂಲಿಯೊಳಗ ಐತಿ.
ಇರಲಿ.
ಘಾಟ ಇಳಿಯಾಕತ್ತಾನ.
ಒಂದು ಗೇರು ಏರಿಸಿ
ಹಿಂದಿಂದ ಹಿಡಕೊಂಡೇನಿ.